ಹ್ಯಾಂಡ್‌ಹೆಲ್ಡ್ ರೇಡಿಯೋ ಶುರು ಮಾಡಬೇಕು: ಹವ್ಯಾಸಕ್ಕೂ ಆಗಬೇಕು, ಫೋನ್ ಸತ್ತಾಗಲೂ ಆಗಬೇಕು

ಹೊಸಕಿವಿ:
ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಷ್ಟರಲ್ಲಿ 5 ವ್ಯಾಟ್‌ನ, ವಿಎಚ್‌ಎಫ್ ಯುಎಚ್‌ಎಫ್ ಎರಡೂ ಬ್ಯಾಂಡ್ (ಫ್ರೀಕ್ವೆನ್ಸಿ ವ್ಯಾಪ್ತಿ) ಇರುವ ಎರಡು ಸೆಟ್ ತಗೊಳ್ಳೋ ಯೋಚನೆ. ಗಾಳಿ-ಮಳೆಗೆ ಟವರ್ ಕೈಕೊಟ್ಟರೆ ಮನೆಯವರ ಜತೆ ಮಾತಾಡೋಕೂ ಆಗಬೇಕು. ಡಬ್ಬಿ ಮೇಲೆ ಹಾಕಿರೋ ಕಿಲೋಮೀಟರ್ ಲೆಕ್ಕ ನಂಬಬಹುದಾ? 10 ವ್ಯಾಟ್‌ನದ್ದೇ ತಗೊಂಡರೆ ಇನ್ನೂ ದೂರ ಹೋಗುತ್ತಾ? ಲೈಸೆನ್ಸ್ ಬರೋವರೆಗೆ ಸೆಟ್ ಇಟ್ಟುಕೊಂಡು ಏನು ಮಾಡಬಹುದು?

ಎರಡುಮೀಟರ್:
ಡಬ್ಬಿ ಮೇಲಿನ ಲೆಕ್ಕ ಬಿಟ್ಟುಬಿಡಿ. ಈ ಫ್ರೀಕ್ವೆನ್ಸಿಗಳಲ್ಲಿ ದೂರವನ್ನು ತೀರ್ಮಾನಿಸೋದು ವ್ಯಾಟ್ ಅಲ್ಲ, ಎತ್ತರ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ರೇಡಿಯೋ ದಿಗಂತ ಕಿ.ಮೀ.ಗಳಲ್ಲಿ ಸಿಗುತ್ತೆ. ಎರಡೂ ಕಡೆಯದನ್ನು ಕೂಡಿಸಿ. ಇಬ್ಬರೂ ಬಯಲಲ್ಲಿ ನಿಂತು, ಸೆಟ್ 1.5 ಮೀಟರ್ ಎತ್ತರದಲ್ಲಿದ್ದರೆ ತಲಾ 5, ಒಟ್ಟು 10 ಕಿ.ಮೀ. ಒಬ್ಬರು 15 ಮೀಟರ್ ಎತ್ತರದ ತಾರಸಿ ಹತ್ತಿದರೆ ಅದೇ 21 ಆಗುತ್ತೆ. ಆದರೆ ಇದು ಮಧ್ಯೆ ಏನೂ ಅಡ್ಡ ಇಲ್ಲದಿದ್ದಾಗಿನ ಮಾತು. ಕಾಂಕ್ರೀಟ್ ಕಟ್ಟಡಗಳ ನಡುವೆ ಒಂದೆರಡು ಕಿ.ಮೀ.ಗೇ ಉಸಿರು ಕಟ್ಟುತ್ತೆ, ಗುಡ್ಡ ಅಡ್ಡ ಬಂದರೆ ಮುಗಿಯಿತು.

5 ವ್ಯಾಟ್‌ನಿಂದ 10ಕ್ಕೆ ಹೋದರೆ ಸಿಗೋದು 3 ಡೆಸಿಬೆಲ್, ಅಂದರೆ ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್‌ನಲ್ಲಿ ಅರ್ಧ ಅಂಕ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗೋದೂ ಕಷ್ಟ. ಬ್ಯಾಟರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಆ ದುಡ್ಡನ್ನು ಆಂಟೆನಾಕ್ಕೂ ಎರಡನೇ ಬ್ಯಾಟರಿಗೂ ಹಾಕಿ.

ಲೈಸೆನ್ಸ್ ಬರುವವರೆಗೆ ಪಿಟಿಟಿ (ಒತ್ತಿ ಮಾತಾಡುವ ಗುಂಡಿ) ಮುಟ್ಟಬೇಡಿ. ಸುಮ್ಮನೆ ಕೇಳೋದಕ್ಕೂ, ಸೆಟ್ ಇಟ್ಟುಕೊಳ್ಳೋದಕ್ಕೂ ಕೆಲವು ದೇಶಗಳಲ್ಲಿ ನಿಯಮ ಇದೆ, ನಿಮ್ಮಲ್ಲಿ ಹೇಗೆ ಅಂತ ಮೊದಲು ನೋಡಿಕೊಳ್ಳಿ. ಕೇಳಲು ಅಡ್ಡಿ ಇಲ್ಲ ಅಂದರೆ ಹತ್ತಿರದ ರಿಪೀಟರ್ (ಬಂದ ಮಾತನ್ನು ಎತ್ತರದಿಂದ ಮತ್ತೆ ಪ್ರಸಾರ ಮಾಡುವ ಕೇಂದ್ರ) ಹಾಕಿಕೊಂಡು ಒಂದು ತಿಂಗಳು ಕೇಳಿ. ಯಾರು ಯಾವಾಗ ಬರ್ತಾರೆ, ಹೇಗೆ ಕರೀತಾರೆ ಅನ್ನೋದು ಪುಸ್ತಕದಲ್ಲಿ ಸಿಗಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹಾದುಹೋಗುವಾಗ 145.800 ಮೆಗಾಹರ್ಟ್ಸ್ ಕೇಳಿ ನೋಡಿ. ಅಲ್ಲಿಂದ ಸದಾ ಏನಾದರೂ ಬರುತ್ತಿರುತ್ತೆ ಅಂತಲ್ಲ. ಗಗನಯಾತ್ರಿಗಳು ಶಾಲೆಗಳ ಜತೆ ಮಾತಾಡೋದು, ಚಿತ್ರ ಕಳಿಸೋದು ಮುಂಚೆಯೇ ಘೋಷಣೆಯಾಗಿರುತ್ತೆ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗದ್ದಲ ಮುಚ್ಚುವ ಸೆಟ್ಟಿಂಗ್) ಪೂರ್ತಿ ತೆರೆದಿಡಿ, ಬ್ಯಾಟರಿ ಉಳಿಸಲು ಸೆಟ್ಟನ್ನು ಆಗಾಗ ಮಲಗಿಸುವ ಬ್ಯಾಟರಿ ಸೇವರ್ ಆಫ್ ಮಾಡಿ. ನಿಮಗೆ ಸಿಗೋದು ಹೆಚ್ಚೆಂದರೆ ಹತ್ತು ನಿಮಿಷ.

ತಂತಿಬಾಲ:
ಆಂಟೆನಾ ವಿಷಯ ಬಂದಿದ್ದರಿಂದ ಹೇಳ್ತೀನಿ. ಸೆಟ್ ಜತೆ ಬರುವ ಗಿಡ್ಡ ರಬ್ಬರ್ ಆಂಟೆನಾ 2 ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಆಸುಪಾಸಿನ ವಿಎಚ್‌ಎಫ್) ತೀರಾ ಚಿಕ್ಕದು. ಜತೆಗೆ ಆಂಟೆನಾಕ್ಕೆ ಇನ್ನೊಂದು ಅರ್ಧ ಬೇಕಲ್ಲ, ಅದರ ಕೆಲಸವನ್ನು ಸೆಟ್‌ನ ಮೈ ಮತ್ತು ನಿಮ್ಮ ಕೈ ಹೇಗೋ ನಿಭಾಯಿಸುತ್ತಿರುತ್ತವೆ. ಅದಕ್ಕೆ ಒಂದು ತುಂಡು ತಂತಿ ಬಾಲ ಕಟ್ಟಿದರೆ ಸಾಕು.

ಲೆಕ್ಕ ಹೀಗೆ: 300ನ್ನು ಮೆಗಾಹರ್ಟ್ಸ್ ಅಂಕಿ 145ರಿಂದ ಭಾಗಿಸಿದರೆ ಅಲೆಯ ಉದ್ದ 2.07 ಮೀಟರ್. ಅದರ ಕಾಲು ಭಾಗ 51.7 ಸೆಂ.ಮೀ. ತಂತಿಯಲ್ಲಿ ಸುಮಾರು 5% ಕಡಿಮೆ ಮಾಡಿದರೆ 49 ಸೆಂ.ಮೀ. ಹಲವು ಎಳೆಗಳ, ಪ್ಲಾಸ್ಟಿಕ್ ಹೊದಿಕೆಯ ಮೆದು ತಂತಿ 52 ಸೆಂ.ಮೀ. ಕತ್ತರಿಸಿ, ಒಂದು ತುದಿಯಲ್ಲಿ 3 ಸೆಂ.ಮೀ. ಹೊದಿಕೆ ಸುಲಿಯಿರಿ. ಸೆಟ್ ಆಫ್ ಮಾಡಿ, ಆಂಟೆನಾ ಬಿಚ್ಚಿ. ಸುಲಿದ ಎಳೆಗಳನ್ನು ಬಿಗಿಯಾಗಿ ಹೊಸೆದು ಕನೆಕ್ಟರ್‌ನ ಹೊರಗಿನ ಲೋಹದ ಬುಡಕ್ಕೆ ಒಂದೇ ಸುತ್ತು ಹಾಕಿ, ಆಂಟೆನಾ ಮತ್ತೆ ತಿರುಗಿಸಿ. ಬಾಲ ನೇರ ಕೆಳಗೆ ಜೋತುಬಿದ್ದಿರಲಿ. ಎರಡು ಕಡೆ ಕೆಡುತ್ತೆ: ಬಿಡಿ ಎಳೆಯೊಂದು ನಡುವಿನ ಪಿನ್ನಿಗೆ ತಾಗಿದರೆ ಶಾರ್ಟ್, ಸುತ್ತು ದಪ್ಪವಾದರೆ ಆಂಟೆನಾ ಪೂರ್ತಿ ಕೂರಲ್ಲ. ಆಂಟೆನಾ ಇಲ್ಲದೆಯೋ ಅರ್ಧಂಬರ್ಧ ಕೂತಿರುವಾಗಲೋ ಪಿಟಿಟಿ ಒತ್ತಿದರೆ ಹೊರಗೆ ಹೋಗಬೇಕಾದ ಶಕ್ತಿ ವಾಪಸ್ ಬಂದು ಕೊನೆಯ ಟ್ರಾನ್ಸಿಸ್ಟರ್ ಸುಡಬಹುದು.

ಬೇರೆ ಆಂಟೆನಾ ಕೊಳ್ಳುವಾಗ ಸೆಟ್‌ನ ಎಸ್‌ಎಂಎ ಕನೆಕ್ಟರ್ ನಡುವೆ ಸೂಜಿ ಇದೆಯಾ ತೂತು ಇದೆಯಾ ನೋಡಿ, ಆಂಟೆನಾದಲ್ಲಿ ಅದರ ಉಲ್ಟಾ ಇರಬೇಕು. ವೈಫೈ ರೌಟರ್ ಆಂಟೆನಾದ ತಿರುಪು ಎಷ್ಟೋ ಸೆಟ್‌ಗಳಿಗೆ ಸರಿಯಾಗಿ ಹೊಂದುತ್ತೆ, ಆದರೆ ಎರಡೂ ಕಡೆ ತೂತೇ ಇರೋದರಿಂದ ಒಳಗೆ ಸಂಪರ್ಕವೇ ಆಗಿರಲ್ಲ.

ತಾರಸಿ ಆಂಟೆನಾ ಆಮೇಲೆ ಬರಲಿ. ಆಗ ಕೇಬಲ್ ಉದ್ದದ ಮೇಲೆ ಕಣ್ಣಿರಲಿ: ಆರ್‌ಜಿ-58 ಅನ್ನೋ ತೆಳು ಕೇಬಲ್ ಹತ್ತು ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ತಿನ್ನುತ್ತೆ, ಅಂದರೆ 5 ವ್ಯಾಟ್‌ನಲ್ಲಿ ಮೇಲೆ ತಲುಪೋದು 3 ಚಿಲ್ಲರೆ. ಯುಎಚ್‌ಎಫ್‌ನ 435ರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಬಲ್‌ನಲ್ಲೇ ಹೋಗುತ್ತೆ. ದಪ್ಪ ಕೇಬಲ್ಲನ್ನು ನೇರ ಸೆಟ್‌ಗೆ ಸಿಕ್ಕಿಸಿದರೆ ಅದರ ಭಾರಕ್ಕೆ ಕನೆಕ್ಟರ್ ಕಿತ್ತುಬರುತ್ತೆ, ಮಧ್ಯೆ ಒಂದು ಗೇಣು ತೆಳು ಕೇಬಲ್ ಇರಲಿ.

ಹೊಸಕಿವಿ:
ಬಾಲದ ಉಪಾಯ ಚೆನ್ನಾಗಿದೆ, ಥ್ಯಾಂಕ್ಸ್. ರಿಪೀಟರ್ ಬಗ್ಗೆ ಇನ್ನೊಂದು. ಹೊಸಬರು ತುಂಬಾ ಜನ "ನನಗೆ ಎಲ್ಲರೂ ಕೇಳಿಸ್ತಾರೆ, ನಾನು ಯಾರಿಗೂ ಕೇಳಿಸಲ್ಲ" ಅಂತ ಬರೀತಾರಲ್ಲ, ಅದು ಯಾಕೆ?

ಆಫ್‌ಸೆಟ್:
ಹತ್ತರಲ್ಲಿ ಒಂಬತ್ತು ಸಲ ಟೋನ್ ಅಥವಾ ಆಫ್‌ಸೆಟ್. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಹೇಳುತ್ತೆ, ಆ ಅಂತರವೇ ಆಫ್‌ಸೆಟ್ ಅಥವಾ ಶಿಫ್ಟ್. 2 ಮೀಟರ್‌ನಲ್ಲಿ ಸಾಮಾನ್ಯವಾಗಿ ಅಂತರ 600 ಕಿಲೋಹರ್ಟ್ಸ್. ಉದಾಹರಣೆಗೆ ನೀವು 145.600 ಕೇಳುತ್ತಿದ್ದರೆ, ಶಿಫ್ಟ್ ಮೈನಸ್ ಇದ್ದಾಗ ಪಿಟಿಟಿ ಒತ್ತಿದ ಕ್ಷಣ ಸೆಟ್ 145.000ಕ್ಕೆ ಜಿಗಿಯಬೇಕು. ಒತ್ತಿದಾಗ ಪರದೆ ಮೇಲಿನ ಅಂಕಿ ಬದಲಾಗುತ್ತಾ ನೋಡಿ. ಆಗಲಿಲ್ಲವೋ, ಶಿಫ್ಟ್ ಹಾಕಿಲ್ಲ.

ಅಂಕಿ ಸರಿಯಾಗಿದ್ದೂ ರಿಪೀಟರ್ ತೆರೆಯದಿದ್ದರೆ (ನಿಮ್ಮ ಮಾತು ಮುಂದೆ ಕಳಿಸದಿದ್ದರೆ) ಸಿಟಿಸಿಎಸ್‌ಎಸ್ ಟೋನ್ ನೋಡಿ. ನಿಮ್ಮ ಮಾತಿನ ಕೆಳಗೆ ಸಣ್ಣಗೆ ಗುಂಯ್‌ಗುಡುವ ಸ್ವರ ಅದು, 88.5 ಹರ್ಟ್ಸ್ ಥರದ್ದು. ರಿಪೀಟರ್ ಅದನ್ನು ಕೇಳಿಸಿಕೊಂಡರೆ ಮಾತ್ರ ತೆರೆಯುತ್ತೆ. ಮೆನುವಿನಲ್ಲಿ ಕಳಿಸುವ ಟೋನ್, ಕೇಳುವ ಟೋನ್ ಬೇರೆಬೇರೆ ಇರುತ್ತವೆ. ಕಳಿಸುವುದನ್ನು ಮಾತ್ರ ಹಾಕಿ. ಕೇಳುವ ಟೋನ್ ತಪ್ಪಾಗಿ ಹಾಕಿದರೆ ಇದರ ಉಲ್ಟಾ ತೊಂದರೆ: ಸಿಗ್ನಲ್ ದೀಪ ಉರಿಯುತ್ತೆ, ಸದ್ದಿಲ್ಲ. ಕೆಲವರು ಈ ಟೋನ್ ಹಾಕಿದರೆ ಮಾತು ಗುಟ್ಟಾಗಿರುತ್ತೆ ಅಂದುಕೊಂಡಿದ್ದಾರೆ. ಇಲ್ಲ, ಟೋನ್ ಹಾಕದೆ ಕೇಳುವವರಿಗೆಲ್ಲ ಅದು ಕೇಳುತ್ತೆ.

ತೆರೆಯಿತಾ ಅಂತ ತಿಳಿಯೋಕೆ ಕಾಲ್‌ಸೈನ್ (ಲೈಸೆನ್ಸ್ ಜತೆ ಸಿಗುವ ಗುರುತಿನ ಹೆಸರು) ಹೇಳಿ ಪಿಟಿಟಿ ಬಿಡಿ. ಒಂದೆರಡು ಸೆಕೆಂಡು ಮೌನವಾದ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ನಿಂತು, ಆಮೇಲೆ "ಕರ್" ಅಂತ ಕಟ್ಟಾದರೆ ತೆರೆದಿದೆ. ತೆರೆದರೂ ಮಾತು ಸಣ್ಣಗೆ, ಉಸಿರುಗಟ್ಟಿದಂತೆ ಹೋಗುತ್ತಿದೆ ಅಂದರೆ ಸೆಟ್ 12.5 ಕಿಲೋಹರ್ಟ್ಸ್ ನ್ಯಾರೋದಲ್ಲಿರಬಹುದು (ಕಿರಿದಾದ ಚಾನೆಲ್), ಅಲ್ಲಿನವರು ವೈಡ್ (ಅಗಲದ್ದು) ಬಳಸುತ್ತಿರಬಹುದು.

ಇದನ್ನೆಲ್ಲ ಕಂಪ್ಯೂಟರ್‌ನಿಂದ ಸೆಟ್‌ಗೆ ಪ್ರೋಗ್ರಾಂ ಮಾಡಲು ಚಿರ್ಪ್ ಅನ್ನೋ ಉಚಿತ ತಂತ್ರಾಂಶ ಸಾಕು. ಮೊದಲ ಕೆಲಸ, ಸೆಟ್‌ನಲ್ಲಿರೋದನ್ನು ಓದಿಸಿ ಆ ಫೈಲ್ ಮುಟ್ಟದೆ ಒಂದು ಕಡೆ ಉಳಿಸಿಡೋದು. ಬೇರೆಯವರ ಫೈಲನ್ನು ನೇರ ತುಂಬಬೇಡಿ. "ರೇಡಿಯೋ ಉತ್ತರಿಸುತ್ತಿಲ್ಲ" ಅಂತ ಬಂದರೆ ಕೇಬಲ್‌ನ ಎರಡು ಪಿನ್ನಿನ ಪ್ಲಗ್ ಪೂರ್ತಿ ಒಳಗೆ ಹೋಗಿಲ್ಲ ಅಂತಲೇ ಹಿಡಿಯಿರಿ; ಕೊನೆಯ ಎರಡು ಮಿ.ಮೀ.ಗೆ ಗಟ್ಟಿಯಾಗಿ ಒತ್ತಬೇಕು. ಅದೂ ಅಲ್ಲದಿದ್ದರೆ ಕೇಬಲ್ ಒಳಗಿನ ನಕಲಿ ಚಿಪ್ಪು, ಹೊಸ ಡ್ರೈವರ್ ಅದನ್ನು ಒಪ್ಪಲ್ಲ.

ಎರಡುಮೀಟರ್:
ಟವರ್ ಕೈಕೊಟ್ಟಾಗಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು: ನೀವು ಕರೆದಾಗ ಆ ಕಡೆ ಯಾರು, ಯಾವ ಫ್ರೀಕ್ವೆನ್ಸಿಯಲ್ಲಿ, ಎಷ್ಟು ಗಂಟೆಗೆ ಕೇಳುತ್ತಿರುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಎಂಥ ಸೆಟ್ ಆದರೂ ಬರೀ ಟಾರ್ಚು. ಮನೆಯವರು ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡಬೇಕಾದರೆ ಅವರಿಗೂ ಲೈಸೆನ್ಸ್ ಬೇಕು. ಆಗದು ಅಂದರೆ ನಿಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ ಬ್ಯಾಂಡ್ ಇದ್ದರೆ ಅದರ ಸೆಟ್ಟೇ ಬೇರೆ ಕೊಳ್ಳಿ.

ಒಂದು ಕಾರ್ಡ್ ಬರೆದು ಪ್ರತಿ ಸೆಟ್‌ನ ಹಿಂದೆ ಅಂಟಿಸಿ. ಮೊದಲ ಆಯ್ಕೆ ರಿಪೀಟರ್. ಅದು ಸತ್ತರೆ ನೇರ ಮಾತಾಡುವ ಸಿಂಪ್ಲೆಕ್ಸ್ ಫ್ರೀಕ್ವೆನ್ಸಿ. ಅದೂ ಗದ್ದಲವಾದರೆ ಇನ್ನೊಂದು. ಪ್ರತಿ ಗಂಟೆಯ ಮೊದಲ ಐದು ನಿಮಿಷ ಎಲ್ಲರೂ ಸೆಟ್ ಹಾಕೋದು, ಉಳಿದ ಹೊತ್ತು ಆಫ್. 5 ವ್ಯಾಟ್‌ನಲ್ಲಿ ಕಳಿಸುವಾಗ ಸೆಟ್ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತೆ, 1800 ಎಂಎಎಚ್ ಬ್ಯಾಟರಿಯಲ್ಲಿ ಒಟ್ಟು ಒಂದು ಗಂಟೆಯಷ್ಟು ಮಾತು. ಎತ್ತಿಡುವ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿಡಿ, ಸೆಟ್‌ನಿಂದ ಬಿಚ್ಚಿಡಿ, ಮೂರು ತಿಂಗಳಿಗೊಮ್ಮೆ ನೋಡಿ.

ಸೆಟ್ ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತಾಡಬೇಡಿ, ದೇಹವೇ ಸಿಗ್ನಲ್ ನುಂಗುತ್ತೆ. ಮುಖದೆತ್ತರಕ್ಕೆ, ಆಂಟೆನಾ ನೇರ ಮೇಲೆ. ಮಾತು ಒಡೆದರೆ ಅರ್ಧ ಮೀಟರ್ ಪಕ್ಕಕ್ಕೆ ಸರಿದು ನೋಡಿ, ಪ್ರತಿಫಲಿಸಿ ಬಂದ ಅಲೆಗಳು ಒಂದನ್ನೊಂದು ಅಳಿಸುವ ಜಾಗ ಅಷ್ಟಷ್ಟು ದೂರಕ್ಕೇ ಬದಲಾಗುತ್ತೆ.

ತಂತಿಬಾಲ:
ಇದಕ್ಕೆ ಒಂದು ಸೇರಿಸ್ತೀನಿ. ಪಿಟಿಟಿ ಒತ್ತಿ ಒಂದು ಸೆಕೆಂಡು ಬಿಟ್ಟು ಮಾತು ಶುರು ಮಾಡಿ ಅಂತ ಎಲ್ಲರೂ ಹೇಳ್ತಾರೆ. ಆ ಕಡೆಯ ಬ್ಯಾಟರಿ ಸೇವರ್ ಏಳೋದಕ್ಕೆ, ಟೋನ್ ಗುರುತಿಸೋದಕ್ಕೆ ಅಷ್ಟು ಹೊತ್ತು ಬೇಕು. ಮಾತು ಮುಗಿದ ಮೇಲೂ ಅರ್ಧ ಸೆಕೆಂಡು ಒತ್ತಿ ಹಿಡಿಯಿರಿ. ಕನ್ನಡದಲ್ಲಿ ಹೌದು-ಅಲ್ಲ ಎಲ್ಲ ಪದದ ಬಾಲದಲ್ಲಿರೋದು. "ಬೇಕು", "ಬೇಡ", "ಬಂದಿದೆ", "ಬಂದಿಲ್ಲ". ಕೊನೆಯ ಅಕ್ಷರ ಕತ್ತರಿಸಿ ಹೋದರೆ ಕೇಳಿದವರು ಉಲ್ಟಾ ಕೆಲಸ ಮಾಡ್ತಾರೆ. ಮುಖ್ಯವಾದ್ದನ್ನು "ಔಷಧಿ ಬೇಡ, ಮತ್ತೆ ಹೇಳ್ತೀನಿ, ಬೇಡ" ಅಂತ ಎರಡು ಸಲ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿ. ಅಂಕಿಗಳನ್ನೂ ಅಷ್ಟೇ, "ಇಪ್ಪತ್ತೊಂಬತ್ತು" ಅನ್ನದೆ "ಎರಡು, ಒಂಬತ್ತು".

ಹೊಸಕಿವಿ:
ಸೆಟ್ ಆರ್ಡರ್ ಸದ್ಯಕ್ಕೆ ನಿಲ್ಲಿಸಿದೆ. ಮೊದಲು ಮನೆಯಲ್ಲಿ ಇನ್ನೂ ಯಾರು ಪರೀಕ್ಷೆಗೆ ಕೂರ್ತಾರೆ ಕೇಳಿ ಬರ್ತೀನಿ.