ಶಾಲಾ ಗ್ರಂಥಾಲಯವನ್ನು ಪರಿಸರಸ್ನೇಹಿಯಾಗಿಸಲು ಹಣವನ್ನು ಮೊದಲು ಎಲ್ಲಿ ತೊಡಗಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ಹೊಳಲ್ಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದು, ಅದರ ಜೊತೆಗೆ ಗ್ರಂಥಾಲಯದ ಹೊಣೆಯನ್ನೂ ನಿರ್ವಹಿಸುತ್ತಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿಗಳು ಗ್ರಂಥಾಲಯವನ್ನು ಪರಿಸರಸ್ನೇಹಿಯಾಗಿ ರೂಪಿಸುವುದಾದರೆ ಧನಸಹಾಯ ಮಾಡುವುದಾಗಿ ಮುಂದೆ ಬಂದಿದ್ದಾರೆ. ಅವರಲ್ಲಿ ಕೆಲವರು ಚಾವಣಿಯ ಮೇಲೆ ಸೌರಫಲಕ ಹಾಕಿಸೋಣ ಎನ್ನುತ್ತಾರೆ. ಇನ್ನು ಕೆಲವರು ಕಾಗದವೇ ಬೇಡ, ಟ್ಯಾಬ್ಲೆಟ್‌ಗಳನ್ನು ಕೊಡಿಸುತ್ತೇವೆ ಎನ್ನುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದೆ ಪ್ರಸ್ತಾವನೆ ಇಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕೊಠಡಿಯ ಸ್ಥಿತಿ ಹೀಗಿದೆ: ಆರ್‌ಸಿಸಿ ಚಾವಣಿ, ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ, ಉತ್ತರಕ್ಕೆ ಒಂದು, ಹಳೆಯ ಮಾದರಿಯ ಆರು ಟ್ಯೂಬ್‌ಲೈಟು, ನಾಲ್ಕು ಫ್ಯಾನು. ಪುಸ್ತಕಗಳೆಲ್ಲ ಕಬ್ಬಿಣದ ಬೀರುಗಳಲ್ಲಿವೆ. ಹುಳು ಬಾರದಿರಲೆಂದು ಹಾಕಿರುವ ನುಸಿಗುಳಿಗೆಯ ವಾಸನೆಗೆ ಮಕ್ಕಳು ತಲೆನೋವು ಎನ್ನುತ್ತಾರೆ. ಹೊಸ ಪುಸ್ತಕಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ ಹಾಕುವ ರೂಢಿಯೂ ಇದೆ. ನೆಲದ ಮೇಲಿನ ಪ್ಲಾಸ್ಟಿಕ್ ಚಾಪೆಗಳನ್ನು ತೆಗೆದು ಚಳ್ಳಕೆರೆಯ ಕಂಬಳಿ ಹಾಸಬೇಕೆಂಬ ಆಸೆ ನನಗಿದೆ. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ದಾವಣಗೆರೆ

ಸೌರಫಲಕದ ಮಾತನ್ನು ಸ್ವಲ್ಪ ಬದಿಗಿಟ್ಟು, ಆ ಕೊಠಡಿ ಈಗ ಎಷ್ಟು ವಿದ್ಯುತ್ ನುಂಗುತ್ತಿದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನಾಲ್ಕಡಿಯ ಹಳೆಯ ಟ್ಯೂಬಿನ ಮೇಲೆ 36 ವ್ಯಾಟ್ ಎಂದು ಬರೆದಿದ್ದರೂ ತಾಮ್ರದ ಚೋಕ್ ತಿನ್ನುವುದನ್ನೂ ಸೇರಿಸಿದರೆ ಅದು 48ರ ಆಸುಪಾಸಿಗೆ ಹೋಗುತ್ತದೆ. ಸಾಮಾನ್ಯ ಫ್ಯಾನಿಗೆ 75 ವ್ಯಾಟ್ ಹಿಡಿಯಿರಿ. ಆರು ಟ್ಯೂಬು, ನಾಲ್ಕು ಫ್ಯಾನು ಸೇರಿ ಸುಮಾರು 590 ವ್ಯಾಟ್ ಆಯಿತು. ಟ್ಯೂಬುಗಳ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ, ಫ್ಯಾನುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಸಾಕಾಗುವ ಮೋಟರಿನ) ಫ್ಯಾನು ಹಾಕಿದರೆ ಇದೇ ಕೊಠಡಿ 240 ವ್ಯಾಟಿನಲ್ಲಿ ನಡೆಯುತ್ತದೆ. ದಿನಕ್ಕೆ ಐದು ಗಂಟೆಯಂತೆ 220 ದಿನಗಳ ಬಳಕೆ ಹಿಡಿದರೆ ವರ್ಷಕ್ಕೆ ಸುಮಾರು 385 ಯೂನಿಟ್ ಉಳಿಯುತ್ತದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನದೇ ಸಿಂಹಪಾಲಾಗಿರುವುದರಿಂದ ಯೂನಿಟ್ಟಿಗೆ ಸರಿಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿದರೂ ಇದು 270 ಕಿಲೋಗ್ರಾಂಗೆ ಸಮ.

ಇನ್ನು ಸೌರಫಲಕ. ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ನೀಡುವುದಾಗಿ 2023ರ ನವೆಂಬರ್ 1ರಂದು ರಾಜ್ಯೋತ್ಸವದ ವೇದಿಕೆಯಲ್ಲೇ ಘೋಷಣೆಯಾಗಿರುವುದರಿಂದ, ಬಿಲ್ ಉಳಿಯುತ್ತದೆ ಎಂಬ ವಾದ ನಿಮ್ಮ ಸಭೆಯಲ್ಲಿ ಹೆಚ್ಚು ತೂಗಲಾರದು. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಮ್ಮ ಸೀಮೆಯಲ್ಲಿ ಬಿಸಿಲು ಅತಿ ಹೆಚ್ಚು ಕಾಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗೆ ಬಹುಪಾಲು ಬೇಸಿಗೆ ರಜೆ ಇರುತ್ತದೆ. ಉತ್ಪಾದನೆಯಾದ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಹರಿಸಲು ನೆಟ್ ಮೀಟರ್ (ಕೊಟ್ಟ ಮತ್ತು ಪಡೆದ ವಿದ್ಯುತ್ತಿನ ಲೆಕ್ಕವಿಡುವ ಮೀಟರ್) ಒಪ್ಪಂದ ಮಾಡಿಕೊಳ್ಳದಿದ್ದರೆ ಅದು ವ್ಯರ್ಥವಾಗುತ್ತದೆ. ಬ್ಯಾಟರಿ ಇಟ್ಟರೆ ನಾಲ್ಕೈದು ವರ್ಷಕ್ಕೊಮ್ಮೆ ಸೀಸದ ಬ್ಯಾಟರಿ ಬದಲಿಸುವ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ದಾನಿಗಳು ಪಟ್ಟು ಹಿಡಿದರೆ ಬೇಡವೆನ್ನಬೇಡಿ, ಆದರೆ ಫ್ಯಾನು ಮತ್ತು ದೀಪಗಳನ್ನು ಬದಲಿಸಿದ ಮೇಲೆ ಹಾಕಿಸಿ. ಆಗ ಒಂದು ಕಿಲೋವ್ಯಾಟ್ ಬೇಕಾದಲ್ಲಿ ಅದರ ಅರ್ಧದಷ್ಟು ಫಲಕ ಸಾಕಾಗುತ್ತದೆ.

ನನ್ನನ್ನು ಕೇಳಿದರೆ ಹಣವನ್ನು ಮೊದಲು ಚಾವಣಿಗೆ ಮತ್ತು ಪಶ್ಚಿಮದ ಕಿಟಕಿಗಳಿಗೆ ಹಾಕಬೇಕು. ಕಾದ ಆರ್‌ಸಿಸಿಯ ಬಿಸಿ ಸಂಜೆಯವರೆಗೂ ಕೊಠಡಿಗೆ ಇಳಿಯುತ್ತಲೇ ಇರುತ್ತದೆ. ಮಳೆಗಾಲ ಮುಗಿದು ಚಾವಣಿಯ ಬಿರುಕುಗಳನ್ನು ಮುಚ್ಚಿದ ಮೇಲೆ, ಫೆಬ್ರುವರಿಯ ಹೊತ್ತಿಗೆ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿಸಿದರೆ ಒಳಗಿನ ಉಷ್ಣತೆ ಒಂದೆರಡು ಡಿಗ್ರಿಯಾದರೂ ಇಳಿಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಸಬೇಕು, ನಿಜ. ಆದರೆ ಖರ್ಚು ಸುಣ್ಣದ್ದು ಮತ್ತು ಒಂದು ದಿನದ ಕೂಲಿಯದ್ದು ಮಾತ್ರ. ಪಶ್ಚಿಮದ ಕಿಟಕಿಗಳಿಗೆ ಒಳಗಡೆ ಪರದೆ ಕಟ್ಟುವುದಕ್ಕಿಂತ ಹೊರಗಡೆ ಬಿದಿರಿನ ತಟ್ಟಿ ಇಳಿಬಿಡುವುದು ಮೇಲು, ಏಕೆಂದರೆ ಗಾಜು ದಾಟಿ ಒಳಬಂದ ಬಿಸಿಲಿನ ಕಾವು ಪರದೆಗೆ ತಡೆಯಾದರೂ ಕೊಠಡಿಯೊಳಗೇ ಉಳಿಯುತ್ತದೆ.

ಉತ್ತರದ ಕಿಟಕಿಯೇ ಓದುವ ಮೇಜಿಗೆ ಸೂಕ್ತ ಜಾಗ. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಿ. ನಾವು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ಕಿಟಕಿಗೂ ಒಂದು ಸಜ್ಜಾ ಇರಲಿ.

ಉತ್ತರ 2: ಗ್ರಂಥಪಾಲಕಿ, ಹಿರಿಯೂರು

ಮೇಲಿನವರು ವಿದ್ಯುತ್ತಿನ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಪುಸ್ತಕಗಳೆಲ್ಲ ಬೀರುಗಳಲ್ಲಿವೆ" ಎಂಬ ಮಾತು. ಒಂದು ಪುಸ್ತಕಕ್ಕೆ ಬೇಕಾದ ಮರ, ನೀರು, ಶಾಯಿ, ಸಾಗಣೆಯ ಡೀಸೆಲ್ ಎಲ್ಲವೂ ಅದು ನಿಮ್ಮ ಶಾಲೆಗೆ ಬರುವ ಮೊದಲೇ ಖರ್ಚಾಗಿಹೋಗಿದೆ. ಅದನ್ನು ನೂರು ಮಕ್ಕಳು ಓದಿದರೆ ಆ ಖರ್ಚು ನೂರು ಪಾಲಾಗುತ್ತದೆ, ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅಷ್ಟೂ ದಂಡ. ಆದ್ದರಿಂದ ಟ್ಯಾಬ್ಲೆಟ್ ಬೇಕೇ ಬೇಡವೇ ಎಂಬ ಚರ್ಚೆಗೆ ಮೊದಲು ಬೀರುವಿನ ಬಾಗಿಲು ತೆಗೆಯಬೇಕು. ಪುಸ್ತಕ ಕಳೆದರೆ ಹೊಣೆ ಯಾರದು ಎಂಬ ಭಯದಿಂದಲೇ ನಮ್ಮ ಎಷ್ಟೋ ಶಾಲೆಗಳಲ್ಲಿ ಬೀಗ ಬೀಳುತ್ತದೆ. ಸಹಜ ಬಳಕೆಯಲ್ಲಿ ಹರಿದ ಅಥವಾ ಕಳೆದ ಪುಸ್ತಕಗಳನ್ನು ವರ್ಷಾಂತ್ಯದಲ್ಲಿ ಪರಿಶೀಲಿಸಿ, ನಿಯಮದಂತೆ ಸ್ಟಾಕ್ ರಿಜಿಸ್ಟರಿನಿಂದ ಕೈಬಿಡಲು ಕ್ರಮ ಕೈಗೊಳ್ಳುವ ಬಗ್ಗೆ ಎಸ್‌ಡಿಎಂಸಿಯಲ್ಲಿ ಒಂದು ನಿರ್ಣಯ ಬರೆಸಿಕೊಂಡರೆ ನಿಮಗೂ ಮುಖ್ಯ ಶಿಕ್ಷಕರಿಗೂ ಧೈರ್ಯ ಬರುತ್ತದೆ.

ಹುಳುವಿನ ಸಮಸ್ಯೆಗೂ ಬೀಗಕ್ಕೂ ನಂಟಿದೆ. ಸಿಲ್ವರ್‌ಫಿಶ್ ಎನ್ನುವ ಬೆಳ್ಳಿಹುಳು ಕತ್ತಲೆ, ತೇವ ಮತ್ತು ನಿಶ್ಚಲತೆಯನ್ನು ಬಯಸುತ್ತದೆ. ಕೈಯಿಂದ ಕೈಗೆ ಓಡಾಡುವ ಪುಸ್ತಕದಲ್ಲಿ ಅದು ನೆಲೆಸುವುದು ಕಡಿಮೆ. ನುಸಿಗುಳಿಗೆಯನ್ನು ಮಾತ್ರ ಇಂದೇ ತೆಗೆಯಿಸಿ. ಅದರಲ್ಲಿರುವ ನ್ಯಾಫ್ತಲೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ 2ಬಿ ಗುಂಪಿನಲ್ಲಿರಿಸಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗೆ ಅದರಿಂದ ಕೆಂಪು ರಕ್ತಕಣಗಳು ಒಡೆಯುವ ಅಪಾಯವೂ ಇದೆ. ಅದರ ಬದಲು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನೆಲೆ ಮತ್ತು ಬಜೆಯ ಬೇರಿನ ಚೂರುಗಳನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಅರೆಗಳ ಮೂಲೆಯಲ್ಲಿಡಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಹಸಿ ಎಲೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಬೇವು ಹುಳುವನ್ನು ದೂರವಿಡುತ್ತದೆಯೇ ಹೊರತು ಗೆದ್ದಲನ್ನು ಕೊಲ್ಲುವುದಿಲ್ಲ ಎಂಬುದೂ ನೆನಪಿರಲಿ. ಗೆದ್ದಲಿಗೆ ಮದ್ದೆಂದರೆ ನೆಲ ಮತ್ತು ಗೋಡೆ ಸೇರುವ ಜಾಗದ ಬಿರುಕುಗಳಿಗೆ ಸಿಮೆಂಟ್ ತುಂಬುವುದು, ಬೀರುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆಳೆದು ನಿಲ್ಲಿಸುವುದು, ಮತ್ತು ಶನಿವಾರದ ಬೆಳಗಿನ ಶಾಲೆಯ ದಿನ ಮಕ್ಕಳ ಜೊತೆ ಒಂದು ಸುತ್ತು ಹಾಕಿ ಮಣ್ಣಿನ ಸಾಲು ಎದ್ದಿದೆಯೇ ಎಂದು ನೋಡುವುದು.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಬೀಸುವ ಪಡುವಣ ಗಾಳಿ, ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಲಾಭವಾದರೂ ಗ್ರಂಥಾಲಯಕ್ಕೆ ಧೂಳಿನ ಕಾಟ. ಪಶ್ಚಿಮದ ಕಿಟಕಿಗೆ ತಟ್ಟಿಯ ಜೊತೆ ಸಣ್ಣ ಕಣ್ಣಿನ ಜಾಲರಿಯನ್ನೂ ಹಾಕಿಸಿ. ಆ ಬದಿಯಲ್ಲಿ ಹೊಂಗೆ ಅಥವಾ ಬೇವಿನ ಗಿಡ ನೆಡುವುದಾದರೆ ಗೋಡೆಯಿಂದ ಹದಿನೈದಿಪ್ಪತ್ತು ಅಡಿ ದೂರವಿರಲಿ. ಗೋಡೆಯ ಬುಡಕ್ಕೆ ನೀರು ಹಾಕುವುದೆಂದರೆ ಗೆದ್ದಲಿಗೆ ಊಟ ಹಾಕಿದಂತೆ.

ಟ್ಯಾಬ್ಲೆಟ್ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ನಿಘಂಟು, ಭೂಪಟ, ಪ್ರತಿವರ್ಷ ಬದಲಾಗುವ ಅಂಕಿಅಂಶಗಳಿಗೆ ಒಂದು ಹಳೆಯ ಕಂಪ್ಯೂಟರ್ ಇದ್ದರೆ ಸಾಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಉಚಿತ ನಿಘಂಟುಗಳು ಸಿಗುತ್ತವೆ. ಕೆಲವೇ ವರ್ಷಗಳಲ್ಲಿ ಬ್ಯಾಟರಿ ಸೋತು ಇ-ತ್ಯಾಜ್ಯವಾಗುವ ಉಪಕರಣವನ್ನು ಮಕ್ಕಳಿಗೊಂದರಂತೆ ಕೊಂಡು ಅದನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಉತ್ತರ 3: ಪುಸ್ತಕ ಬೈಂಡಿಂಗ್ ಕೆಲಸಗಾರ, ದಾವಣಗೆರೆ

ಪ್ಲಾಸ್ಟಿಕ್ ಹೊದಿಕೆ ಹಾಕಿದ ಪುಸ್ತಕಗಳು ನನ್ನ ಬಳಿ ರಿಪೇರಿಗೆ ಬಂದಾಗ ರಟ್ಟಿನ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದನ್ನು ನೋಡುತ್ತಿರುತ್ತೇನೆ. ದಪ್ಪ ಖಾಕಿ ಕಾಗದ ಸಾಕು. ಹಳೆಯ ಕ್ಯಾಲೆಂಡರಿನ ಹಾಳೆಯಾದರೆ ಇನ್ನೂ ಗಟ್ಟಿ. ದಿನಪತ್ರಿಕೆ ಮಾತ್ರ ಬೇಡ, ಅದರ ಆಮ್ಲ ಮತ್ತು ಮಸಿ ಎರಡೂ ಪುಸ್ತಕಕ್ಕೆ ಇಳಿಯುತ್ತವೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವುದನ್ನು ಶಾಲೆಯಲ್ಲಿ ನಿಷೇಧಿಸಿಬಿಡಿ. ಅದರ ಅಂಟು ಹಳದಿಗಟ್ಟಿ ಪುಟವನ್ನೇ ತಿನ್ನುತ್ತದೆ. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಹಚ್ಚುವುದನ್ನು ಹತ್ತನೇ ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ನಾವು ಅಂಗಡಿಯಲ್ಲಿ ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದ್ದರಿಂದ ಶಾಲೆಯಲ್ಲಿ ಬೇಡ. ಬೇಕಾದಷ್ಟೇ ಅಂಟು ಕಾಯಿಸಿ, ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿಸಿದರಾಯಿತು. ಬೆನ್ನು ಕಿತ್ತ ಪುಸ್ತಕಕ್ಕೆ ದರ್ಜಿಗಳ ಬಳಿ ಸಿಗುವ ಹತ್ತಿ ಬಟ್ಟೆಯ ತುಂಡು ಹಾಕಬಹುದು.

ಸಮಗ್ರ ಶಿಕ್ಷಾದಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನದ ಅವಕಾಶವಿದೆ. ಆ ಹಣದಲ್ಲಿ ಕೊಳ್ಳುವಾಗ ಆಯ್ಕೆಯಿದ್ದಲ್ಲಿ ಹೊಲಿಗೆ ಹಾಕಿದ ಪುಸ್ತಕವನ್ನೇ ಆರಿಸಿ. ಬರೀ ಅಂಟಿನ ಬೈಂಡಿಂಗು ಮಕ್ಕಳ ಕೈಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಸುಣ್ಣ, ತಟ್ಟಿ, ಫ್ಯಾನು, ದೀಪ ಈ ಅನುಕ್ರಮದಲ್ಲಿ ಪ್ರಸ್ತಾವನೆ ಬರೆಯುತ್ತೇನೆ, ಬೈಂಡಿಂಗ್ ಸಾಮಗ್ರಿಗೂ ಒಂದು ಮೊತ್ತ ಕೇಳುತ್ತೇನೆ. ಕಂಬಳಿಯ ಬಗ್ಗೆ ಯಾರೂ ಹೇಳಲಿಲ್ಲ. ತೆಗೆದ ಟ್ಯೂಬುಗಳನ್ನು ಏನು ಮಾಡಬೇಕು ಎಂಬುದೂ ತಿಳಿಯದು.

ಉತ್ತರ 2ರವರಿಂದ ಮತ್ತೆ

ಚಳ್ಳಕೆರೆಯ ಕಂಬಳಿಯ ಮೇಲೆ ನನಗೂ ಅಭಿಮಾನವಿದೆ, ಆದರೆ ಉಣ್ಣೆಗೆ ನುಸಿ ಹಿಡಿಯುವುದರಿಂದ ಅದಕ್ಕಾಗಿ ಮತ್ತೆ ನುಸಿಗುಳಿಗೆ ತರಬೇಕಾದೀತು. ಒಗೆದು ಬಿಸಿಲಿಗೆ ಹಾಕಬಹುದಾದ ಹತ್ತಿಯ ಜಮಖಾನವೇ ಮೇಲು. ಈಗಿರುವ ಪ್ಲಾಸ್ಟಿಕ್ ಚಾಪೆಗಳು ಹರಿಯುವವರೆಗೂ ಬಳಸಿ, ಗಟ್ಟಿಯಿರುವುದನ್ನು ಎಸೆದು ಹೊಸದು ತರುವುದರಲ್ಲಿ ಅರ್ಥವಿಲ್ಲ. ಹೆಚ್ಚುವರಿ ಕಪಾಟು ಬೇಕಾದರೂ ಅಷ್ಟೇ: ಉಗ್ರಾಣದಲ್ಲಿ ಮುರಿದ ಡೆಸ್ಕುಗಳು ಬಿದ್ದಿದ್ದರೆ, ಅನುಮತಿ ಪಡೆದು ಊರಿನ ಬಡಗಿಯಿಂದ ಅವನ್ನೇ ಅರೆಗಳಾಗಿ ಮಾಡಿಸಿ.

ಉತ್ತರ 1ರವರಿಂದ ಮತ್ತೆ

ಹಳೆಯ ಟ್ಯೂಬುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. ಅವನ್ನು ಒಡೆಯಬಾರದು, ಕಸದ ಗಾಡಿಗೂ ಗುಜರಿಗೂ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅವೂ ಬರುತ್ತವೆ. ಹೊಸ ಎಲ್‌ಇಡಿಗಳು ಬಂದ ರಟ್ಟಿನ ಪೆಟ್ಟಿಗೆಗಳಲ್ಲೇ ಅವನ್ನಿರಿಸಿ, ಪ್ರಯೋಗಾಲಯದ ಬೀರುವಿನ ಮೇಲೆ ಮಕ್ಕಳ ಕೈಗೆ ಸಿಗದಂತೆ ಜೋಪಾನ ಮಾಡಿ. ಅಕ್ಕಪಕ್ಕದ ಶಾಲೆಗಳವೂ ಸೇರಿ ಒಂದು ಹೊರೆಯಾದಾಗ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ಪಟ್ಟಿಯಲ್ಲಿರುವ ಸಂಸ್ಕರಣಾ ಘಟಕದವರಿಗೆ ಒಪ್ಪಿಸಿ, ರಸೀದಿ ಪಡೆದು ಸ್ಟಾಕ್ ರಿಜಿಸ್ಟರಿಗೆ ಲಗತ್ತಿಸಿ.