ಮೈಸೂರಿನ 1876–78ರ ಬರಗಾಲ: ಆನ್‌ಲೈನ್ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಮೈಸೂರಿನ 1876–78ರ ಬರಗಾಲವನ್ನು ಆಯ್ದುಕೊಂಡಿದ್ದೇನೆ. ಡೇಟಾಬೇಸ್‌ಗಳಲ್ಲಿ ಹುಡುಕಿದರೆ ಒಂದೋ ಸಾವಿರಾರು ಫಲಿತಾಂಶಗಳು ಬರುತ್ತವೆ, ಇಲ್ಲವೇ ಏನೂ ಸಿಗುವುದಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಂಶೋಧಕರೊಬ್ಬರ ಉತ್ತರ: ಹುಡುಕುವ ಪದಗಳನ್ನು ಯೋಚಿಸುವ ಮೊದಲು ಆ ಕಾಲದ ಆಡಳಿತವನ್ನು ತಿಳಿದುಕೊಳ್ಳಿ, ನನಗೆ ಕಡತಗಳು ಕೈಗೆ ಹತ್ತತೊಡಗಿದ್ದು ಆಮೇಲೆಯೇ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಆದ್ದರಿಂದ ರಾಷ್ಟ್ರೀಯ ಪತ್ರಾಗಾರದ ಜಾಲತಾಣ ‘ಅಭಿಲೇಖ್ ಪಟಲ್’ನಲ್ಲಿ, ದೇಶೀ ಸಂಸ್ಥಾನಗಳ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಫಾರಿನ್ ಡಿಪಾರ್ಟ್‌ಮೆಂಟಿನ ಕಡತಗಳನ್ನೂ, ಅಂದಿನ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಡತಗಳನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲು ಇಲಾಖೆ ಮತ್ತು ವರ್ಷವನ್ನು ಆಯ್ದು, ಅನಂತರ ಪದವನ್ನು ಕೊಟ್ಟರೆ ಪಟ್ಟಿ ಓದಿ ಮುಗಿಸುವಷ್ಟಕ್ಕೆ ಇಳಿಯುತ್ತದೆ. ‘ಫ್ಯಾಮಿನ್’ ಒಂದನ್ನೇ ನಂಬದೆ ‘ಸ್ಕೇರ್ಸಿಟಿ’, ‘ಡಿಸ್ಟ್ರೆಸ್’, ‘ರಿಲೀಫ್ ವರ್ಕ್ಸ್’ ಎಂದೂ ಹುಡುಕಿ. ಚಿತ್ರದುರ್ಗವನ್ನು ‘ಚಿತಲ್‌ದ್ರೂಗ್’ (Chitaldroog) ಎಂದೂ, ತುಮಕೂರನ್ನು ‘ತೂಮ್‌ಕೂರ್’ (Toomkoor) ಎಂದೂ ಅಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊಟ್ಟು ನೋಡಿ.

ಕಡತ ತೆರೆದ ಮೇಲೆ ಮುದ್ರಿತ ಪತ್ರವ್ಯವಹಾರಕ್ಕೇ ನಿಲ್ಲಬೇಡಿ. ‘ಕೆ.ಡಬ್ಲ್ಯು.’, ಅಂದರೆ ‘ಕೀಪ್ ವಿತ್’ ಎಂಬ ಗುರುತಿನ ಹಾಳೆಗಳಿದ್ದರೆ ಅವನ್ನು ಬಿಡದೆ ಓದಿ. ಅಧಿಕಾರಿಗಳು ತಮ್ಮತಮ್ಮಲ್ಲೇ ಬರೆದುಕೊಂಡ ಟಿಪ್ಪಣಿಗಳು ಅಲ್ಲಿರುತ್ತವೆ. ಅಂತಿಮ ಆದೇಶದಲ್ಲಿ ಮರೆಯಾದ ಭಿನ್ನಾಭಿಪ್ರಾಯಗಳು ಕಾಣುವುದು ಅಲ್ಲಿಯೇ. ಜನ ಹಸಿವಿನಿಂದ ಸಾಯುತ್ತಿದ್ದಾಗ ಖರ್ಚಿನ ಲೆಕ್ಕ ಹೇಗೆ ನಡೆಯಿತು ಎಂಬುದನ್ನು ಬರೆಯಹೊರಟವರು ಈ ಹಾಳೆಗಳನ್ನು ನೋಡದಿದ್ದರೆ ಪ್ರಬಂಧ ಅರ್ಧವಾಗಿಯೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ರಂಥಪಾಲಕರೊಬ್ಬರ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಹೊಸಬರು ನೇರವಾಗಿ ಪತ್ರಾಗಾರಕ್ಕೆ ಇಳಿಯುವ ಬದಲು ‘ಶೋಧಗಂಗಾ’ದ ಪಿಎಚ್.ಡಿ. ಪ್ರಬಂಧಗಳಿಂದಲೂ ‘ಜೆಸ್ಟೋರ್’ನ ಲೇಖನಗಳಿಂದಲೂ ಆರಂಭಿಸುವುದು ಒಳ್ಳೆಯದು. ಅವುಗಳ ಅಡಿಟಿಪ್ಪಣಿಗಳಲ್ಲಿ ಇಲಾಖೆ, ಶಾಖೆ, ತಿಂಗಳು, ಪ್ರೊಸೀಡಿಂಗ್ಸ್ (ಇಲಾಖೆಯ ನಡಾವಳಿ) ಸಂಖ್ಯೆ ಎಲ್ಲವೂ ಸಿಗುತ್ತವೆ, ಅವನ್ನು ಹಿಡಿದು ಪತ್ರಾಗಾರದಲ್ಲಿ ಕಡತವನ್ನು ಹುಡುಕಬಹುದು. ಪತ್ರಕರ್ತ ವಿಲಿಯಂ ಡಿಗ್ಬಿ ಈ ಬರಗಾಲದ ಬಗ್ಗೆ 1878ರಲ್ಲಿ ಪ್ರಕಟಿಸಿದ ಗ್ರಂಥ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಉಚಿತವಾಗಿದೆ, ಮೈಸೂರಿನ ಭಾಗವನ್ನು ಪುಸ್ತಕದೊಳಗೇ ಹುಡುಕಿಕೊಳ್ಳಬಹುದು.

ಒಂದು ಎಚ್ಚರಿಕೆ ಮುಖ್ಯ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರವು ಅಕ್ಷರಕ್ಕಿಳಿಸುವಾಗ ಕೋಷ್ಟಕಗಳು ಕೆಡುತ್ತವೆ: 3 ಹೋಗಿ 8 ಆಗುತ್ತದೆ, ಒಂದು ಜಿಲ್ಲೆಯ ಅಂಕಿ ಪಕ್ಕದ ಜಿಲ್ಲೆಯ ಸಾಲಿಗೆ ಜಾರುತ್ತದೆ. ಸಾವಿನ ಸಂಖ್ಯೆಯಾಗಲಿ, ಧಾನ್ಯದ ಧಾರಣೆಯಾಗಲಿ, ಪುಟದ ಚಿತ್ರವನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಿ. ಜೊತೆಗೆ ಮುದ್ರಿತ ಪುಟಸಂಖ್ಯೆಯನ್ನೇ ಗುರುತು ಹಾಕಿಕೊಳ್ಳಿ, ಏಕೆಂದರೆ ಪಿಡಿಎಫ್‌ನ ಪುಟಸಂಖ್ಯೆ ಅನೇಕ ವೇಳೆ ಅದಕ್ಕೆ ತಾಳೆಯಾಗುವುದಿಲ್ಲ.