ಹಾಸನದಲ್ಲಿ ಜಾಝ್ ಟ್ರಿಯೋ ಪ್ರೋಗ್ರಾಂ: ವಾಲಗದಲ್ಲಿ ಸ್ಯಾಕ್ಸ್ ನುಡಿಸೋ ಅಪ್ಪನ್ನ ಕರ್ಕೊಂಡ್ ಹೋಗ್ಲಾ?

ಕೆರೆಏರಿ_ಹುಡುಗ:

ನಮಸ್ಕಾರ ಎಲ್ರಿಗೂ. ಈ ಶನಿವಾರ ಸಂಜೆ ಹಾಸನದಲ್ಲಿ ಒಂದು ಜಾಝ್ ಟ್ರಿಯೋ ಪ್ರೋಗ್ರಾಂ ಇದೆ ಅಂತ ಬಿಎಂ ರೋಡಲ್ಲಿ ಪೋಸ್ಟರ್ ನೋಡ್ದೆ, ಬೆಂಗಳೂರಿಂದ ಮೂರು ಜನ ಬರ್ತಿದಾರೆ, ಸ್ಯಾಕ್ಸೋಫೋನ್, ಡಬಲ್ ಬಾಸ್ (ಆಳೆತ್ತರದ ತಂತಿವಾದ್ಯ, ತಗ್ಗು ಸ್ವರದ್ದು), ಡ್ರಮ್ಸ್ ಅಷ್ಟೇ. ನಂಗೆ ಜಾಝ್ ತಲೆಬುಡ ಗೊತ್ತಿಲ್ಲ. ಆದ್ರೆ ನಮ್ಮಪ್ಪ 30 ವರ್ಷದಿಂದ ವಾಲಗದಲ್ಲಿ ಸ್ಯಾಕ್ಸ್ ನುಡಿಸ್ತಾರೆ, ಮೊದ್ಲು ನಾದಸ್ವರ ಇತ್ತು, ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳಿ ಕೇಳಿ ಇದಕ್ಕೆ ಬಂದೋರು. ಮನೇಲಿ ಊದಿದ್ರೆ ಅಕ್ಕಪಕ್ಕದೋರಿಗೆ ತೊಂದ್ರೆ ಅಂತ ಈಗ್ಲೂ ಬೆಳಿಗ್ಗೆ 5 ಗಂಟೆಗೆ ಕೆರೆ ಏರಿ ಮೇಲೆ ಹೋಗಿ ಸಾಧನೆ ಮಾಡ್ತಾರೆ.

ಬನ್ನಿ ಅಂತ ಕರೆದ್ರೆ "ಅದು ಓದ್ಕೊಂಡಿರೋ ದೊಡ್ಡೋರ ಸಂಗೀತ ಕಣೋ, ನಮಗ್ಯಾಕೆ" ಅಂತಾರೆ. ಈ ಮೂರು ಜನ ಯಾವ ಹಿನ್ನೆಲೆಯೋರು ಅಂತ ಯಾರಿಗಾದ್ರೂ ಗೊತ್ತಾ? ಹಾರ್ಮೋನಿಯಂ ಪಿಯಾನೋ ಯಾವ್ದೂ ಇಲ್ದೆ ಮೂರೇ ಜನ ಎರಡು ಗಂಟೆ ಏನು ನುಡಿಸ್ತಾರೆ? ಅಪ್ಪಂಗೆ ಹಿಡಿಸುತ್ತಾ?

ಮಂದ್ರಸ್ಥಾಯಿ:

ದಯವಿಟ್ಟು ಕರ್ಕೊಂಡು ಹೋಗಿ. ದೊಡ್ಡೋರ ಸಂಗೀತ ಅನ್ನೋ ಮಾತಿಗೆ ಮೊದ್ಲು ಉತ್ತರ ಹೇಳ್ತೀನಿ. ಜಾಝ್ ಹುಟ್ಟಿದ್ದು ಅಮೆರಿಕದ ನ್ಯೂ ಓರ್ಲಿಯನ್ಸ್ ಊರಲ್ಲಿ, ಕರಿಯ ಜನಾಂಗದ ದುಡಿಯೋ ಜನರ ಮಧ್ಯೆ. ಅಲ್ಲಿ ಬ್ರಾಸ್ ಬ್ಯಾಂಡಿನೋರು ಮೆರವಣಿಗೆಗೂ ಹೋಗ್ತಿದ್ರು ಸಾವಿಗೂ ಹೋಗ್ತಿದ್ರು, ಹೆಣ ಹೊತ್ಕೊಂಡು ಹೋಗುವಾಗ ನಿಧಾನವಾಗಿ ಪ್ರಾರ್ಥನೆ ಹಾಡು, ಮಣ್ಣು ಮಾಡಿ ವಾಪಸ್ ಬರುವಾಗ ಕುಣಿಯೋ ಹಾಗೆ ಜೋರು. ಈಗ್ಲೂ ಮಾಡ್ತಾರೆ. ನಿಮ್ಮಪ್ಪ ಧಾರೆ ಹೊತ್ತಿಗೆ ಗಟ್ಟಿಮೇಳ ಊದ್ತಾರಲ್ಲ, ಅಂಥ ಕಸುಬಿನ ಸಂಗೀತಗಾರರೇ ಇದನ್ನ ಕಟ್ಟಿದ್ದು.

ಪಿಯಾನೋ ಯಾಕಿಲ್ಲ ಅಂದ್ರೆ, ಅದು ಬೇಕಂತ್ಲೇ ಬಿಟ್ಟಿರೋದು. 1957ರಲ್ಲಿ ಸನ್ನಿ ರೋಲಿನ್ಸ್ ಅನ್ನೋ ಅಮೆರಿಕದ ಟೆನರ್ ಸ್ಯಾಕ್ಸ್ (ಆಲ್ಟೋಗಿಂತ ದೊಡ್ಡದು, ಸ್ವರ ತಗ್ಗು) ವಾದಕ ಬರೀ ಬಾಸ್, ಡ್ರಮ್ಸ್ ಇಟ್ಕೊಂಡು ರೆಕಾರ್ಡ್ ಮಾಡಿದ್ರು. ಪಿಯಾನೋ ಇದ್ರೆ ಅದು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಒತ್ತಿ ಇಲ್ಲೇ ಇರು ಅಂತ ಹೇಳ್ತಾ ಇರುತ್ತೆ, ಇಲ್ದಿದ್ರೆ ಸ್ಯಾಕ್ಸಿಗೆ ಬಯಲು ಸಿಗುತ್ತೆ, ಆದ್ರೆ ತಪ್ಪಿದ್ರೆ ಮುಚ್ಚಿಕೊಳ್ಳೋಕೆ ಯಾರೂ ಇರಲ್ಲ.

ನಿಮ್ಮಪ್ಪನ ಕೆರೆ ಏರಿ ವಿಷಯ ಓದಿ ಮೈ ಜುಂ ಅಂತು ಕಣ್ರೀ. ಇದೇ ರೋಲಿನ್ಸ್ ಹೆಸರು ಮಾಡಿ ಮೇಲಿದ್ದಾಗ 1959ರಲ್ಲಿ ಕಛೇರಿ ಎಲ್ಲ ನಿಲ್ಲಿಸಿ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಸಾಧನೆ ಮಾಡ್ತಿದ್ರು. ಮನೇಲಿ ಊದಿದ್ರೆ ನೆರೆಯವರಿಗೆ ತೊಂದ್ರೆ ಅಂತಲೇ! 1961ರವರೆಗೂ. ಅಪ್ಪಂಗೆ ಇದೊಂದು ಹೇಳಿ ಸಾಕು.

ತೋಟದದಾರಿ_ಸಕಲೇಶಪುರ:

ಈ ಮೂರು ಜನ ಹೋದ ವರ್ಷ ನಮ್ಮ ಕಡೆ ಒಂದು ಎಸ್ಟೇಟಲ್ಲಿ ನುಡಿಸಿದ್ರು, ಆಮೇಲೆ ಊಟಕ್ಕೆ ಕೂತಾಗ ಮಾತಾಡಿದ್ದೆ. ಹೆಸರು ಇಲ್ಲಿ ಹಾಕಲ್ಲ. ಡ್ರಮ್ಸ್ ಹುಡುಗ ನಮ್ಮ ಜಿಲ್ಲೆಯವನೇ, ಚರ್ಚಲ್ಲಿ ಕ್ವಾಯರ್ ಜೊತೆ ಬಾರಿಸ್ತಾ ಕಲ್ತಿದ್ದು. ಸ್ಯಾಕ್ಸಿನವರು ಸಾಫ್ಟ್‌ವೇರ್ ಕೆಲಸ ಬಿಟ್ಟು ಇದಕ್ಕೆ ಬಂದೋರು, ಟೆನರ್ ನುಡಿಸ್ತಾರೆ.

ಬಾಸ್ ನುಡಿಸೋರು ಗೋವಾ ಮೂಲ, ಅವರ ತಾತ ಮುಂಬೈಲಿ ಡ್ಯಾನ್ಸ್ ಬ್ಯಾಂಡಲ್ಲಿ ಇದ್ದೋರಂತೆ. ಅದು ದೊಡ್ಡ ಕಥೆ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತದ ನೊಟೇಷನ್ ಓದೋದು ಕಲಿಸ್ತಿದ್ರು, ಹಂಗೆ ಕಲ್ತವರು ಹೊಟ್ಟೆಪಾಡಿಗೆ ಮುಂಬೈಗೆ ಹೋಗಿ ಹೋಟೆಲ್ ಬ್ಯಾಂಡ್ ಸೇರಿದ್ರು. 1930ರ ದಶಕದಲ್ಲಿ ಟೆಡ್ಡಿ ವೆದರ್‌ಫೋರ್ಡ್ ಅಂತ ಅಮೆರಿಕದ ಪಿಯಾನೋ ವಾದಕರು ತಾಜ್ ಹೋಟೆಲಲ್ಲಿ ನುಡಿಸ್ತಿದ್ರು, ಗೋವಾದ ಚಿಕ್ ಚಾಕೊಲೇಟ್ ಅನ್ನೋ ಟ್ರಂಪೆಟ್ ವಾದಕರಂತೂ ಆಮೇಲೆ ಹಿಂದಿ ಸಿನಿಮಾ ಸಂಗೀತಕ್ಕೂ ಬಂದ್ರು. ಹಳೇ ಹಿಂದಿ ಹಾಡುಗಳಲ್ಲಿ ಕೇಳೋ ಆ ಟ್ರಂಪೆಟ್, ಸ್ಯಾಕ್ಸ್ ಬಹಳಷ್ಟು ಈ ಜನರ ಉಸಿರು, ಆದ್ರೆ ಪರದೆ ಮೇಲೆ ಅವರ ಹೆಸರು ಬರ್ತಿರ್ಲಿಲ್ಲ. ನಂಗೆ ಅದು ತುಂಬಾ ಬೇಜಾರು.

ತನಿಆವರ್ತನ:

ನಾನು ಅರಕಲಗೂಡು ಕಡೆಯವನು, ಮೃದಂಗ. ಕರ್ನಾಟಕ ಸಂಗೀತಗಾರರ ಊರು ರುದ್ರಪಟ್ಟಣದ ಗಾಳಿ ಕುಡಿದು ಬೆಳೆದವನಿಗೆ ಜಾಝ್ ಹಿಡಿಸೋಕೆ ಟೈಮ್ ತಗೊಳ್ತು, ಹಾಗಾಗಿ ಅಪ್ಪಂಗೆ ಉಪಯೋಗ ಆಗೋ ಎರಡು ಮಾತು.

ಬಹಳಷ್ಟು ಜಾಝ್ ಹಾಡು 32 ಬಾರ್, ಬಾರಿಗೆ 4 ಏಟು, ಅಂದ್ರೆ 128. ಆದಿತಾಳ (ಆವರ್ತಕ್ಕೆ 8 ಏಟು) ಹಾಕ್ತಾ ಕೂತ್ಕೊಳ್ಳಿ, ಸರಿಯಾಗಿ 16 ಆವರ್ತ. ಒಂದು ಸಾಲು 4 ಆವರ್ತ, ಅದೇ ಇನ್ನೊಂದ್ಸಲ, ಆಮೇಲೆ ಬೇರೆ ಸಾಲು, ಮತ್ತೆ ಮೊದಲನೇದು. ಮೊದ್ಲು ಟ್ಯೂನ್ ಇದ್ದಂಗೆ ನುಡಿಸ್ತಾರೆ, ಆಮೇಲೆ ಅದೇ 16 ಆವರ್ತದ ಮೇಲೆ ಒಬ್ಬೊಬ್ರೇ ಮನೋಧರ್ಮ (ಆಗಿಂದಾಗ್ಲೇ ಹೊಳೆದದ್ದು ನುಡಿಸೋದು), ಕೊನೆಗೆ ಮತ್ತೆ ಟ್ಯೂನ್. ಮಧ್ಯೆ ಸ್ಯಾಕ್ಸು ಡ್ರಮ್ಸು ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸ್ತಾರೆ, ನಮ್ಮ ಕಛೇರಿಯ ತನಿಯಲ್ಲಿ (ತಾಳವಾದ್ಯದೋರು ಮಾತ್ರ ನುಡಿಸೋ ಭಾಗ) ಮೃದಂಗ ಘಟ ಮಾತಾಡ್ಕೊಂಡ ಹಾಗೆ. ಡ್ರಮ್ಸಿನ ದೊಡ್ಡ ಸಿಂಬಲ್ ಮೇಲೆ ಟಿಂಗ್ ಟಿಂಗ್-ಟ ಟಿಂಗ್ ಅಂತ ಬರೋದು ತಿಸ್ರ ನಡೆಗೆ (ಏಟಿಗೆ ಮೂರು ಭಾಗ) ಹತ್ತಿರ, ಪೂರ್ತಿ ತಿಸ್ರ ಅಲ್ಲ, ಸ್ವಲ್ಪ ಜೋಲಿ ಹೊಡೆಯುತ್ತೆ.

ಒಂದು ಕಷ್ಟ ಇದೆ. ಶ್ರುತಿ ಪೆಟ್ಟಿಗೆ ಇರಲ್ಲ. ನಮ್ಮಲ್ಲಿ ಷಡ್ಜ, ಅಂದ್ರೆ 'ಸ', ಕೂತ ಕಡೆ ಕೂತಿರುತ್ತೆ, ಅಲ್ಲಿ ಕಾರ್ಡ್ ಬದಲಾದಂಗೆ ನೆಲಾನೇ ಸರೀತಾ ಹೋಗುತ್ತೆ. ಆಗ ಬಾಸ್ ಕೇಳಿ, ಸ್ಯಾಕ್ಸ್ ಬಿಟ್ಟುಬಿಡಿ.

ಇನ್ನೊಂದು, ಕದ್ರಿಯವರೇ 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದಾರೆ. 2008ರಲ್ಲಿ ರುದ್ರೇಶ್ ಮಹಾಂತಪ್ಪ ಅನ್ನೋ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕರ ಜೊತೆ ಒಂದು ಆಲ್ಬಮ್ಮೇ ಬಂತು. ಆ ರುದ್ರೇಶ್‌ಗೆ ಕಾಲೇಜಲ್ಲಿ ಓದುವಾಗ ಅವರಣ್ಣ ತಮಾಷೆಗೆ ಅಂತ ಕದ್ರಿಯವರ ಆಲ್ಬಂ ಕೊಟ್ಟಿದ್ದಂತೆ, ಅದನ್ನ ಕೇಳಿ ಅವರ ದಾರಿನೇ ತಿರುಗ್ತು.

ಕೆರೆಏರಿ_ಹುಡುಗ:

ಹೋಗಿ ಬಂದ್ವಿ! ಎಲ್ರಿಗೂ ಥ್ಯಾಂಕ್ಸ್. ಸೇತುವೆ ಕಥೆ ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಎಷ್ಟ್ ಗಂಟೆಗೋ ಪ್ರೋಗ್ರಾಂ" ಅಂದ್ರು.

ಮೊದಲ ಅರ್ಧ ಗಂಟೆ ಕಷ್ಟ ಪಟ್ರು, ಶ್ರುತಿ ಎಲ್ಲಿ ಶ್ರುತಿ ಎಲ್ಲಿ ಅಂತ ನನ್ನ ಕೈ ಹಿಂಡ್ತಾನೇ ಇದ್ರು, ನಾನು ಬಾಸ್ ಕೇಳಿ ಬಾಸ್ ಕೇಳಿ ಅಂತ ಕಿವಿಯಲ್ಲಿ ಹೇಳ್ದೆ. ಆಮೇಲೆ ಒಂದು ನಿಧಾನದ ಹಾಡು, ಡ್ರಮ್ಸ್ ಹುಡುಗ ಕೋಲು ಇಟ್ಟು ಬ್ರಷ್ಷಲ್ಲಿ ಚರ್ಮ ಸವರ್ತಿದ್ದ, ಅಕ್ಕಿ ಕೇರಿದಂಗೆ ಸದ್ದು, ಸ್ಯಾಕ್ಸಿನವರು ಒಂದು ಸ್ವರ ಹಿಡಿದು ಬರೀ ಉಸಿರು ಉಳಿಯೋವರೆಗೂ ಬಿಟ್ರು. ಅಪ್ಪನ ಬೆರಳು ತೊಡೆ ಮೇಲೆ ತಾಳ ಹಾಕೋಕೆ ಶುರು ಆಯ್ತು, 16 ಆವರ್ತ ಮುಗಿದು ಟ್ಯೂನ್ ವಾಪಸ್ ಬಂದಾಗ "ಹಾ!" ಅಂತ ಜೋರಾಗಿ ಅಂದುಬಿಟ್ರು, ಮುಂದಿನ ಸಾಲಿನೋರು ತಿರುಗಿ ನೋಡಿ ನಕ್ರು.

ಮುಗಿದ ಮೇಲೆ ನಾನೇ ಎಳ್ಕೊಂಡು ಹೋಗಿ ಪರಿಚಯ ಮಾಡಿಸ್ದೆ. ಆಲ್ಟೋ ಟೆನರ್, ರೀಡ್ (ಬಾಯಲ್ಲಿಟ್ಟು ಊದೋ ಪಟ್ಟಿ) ಗಟ್ಟಿತನ ಎರಡೂವರೆನಾ ಮೂರಾ ಅಂತ ಇಬ್ರೂ ಶುರು ಮಾಡಿದ್ರು ನೋಡಿ, ನಾವೆಲ್ಲ ಲೆಕ್ಕಕ್ಕೇ ಇಲ್ಲ. ಅಪ್ಪ ಕಲ್ಯಾಣಿ ರಾಗದ ಒಂದು ಸಂಗತಿ ಹಾಡಿದ್ರು, ಅವರು ಇದು ನಮ್ಮ ಲಿಡಿಯನ್ (ಪಾಶ್ಚಾತ್ಯ ಸಂಗೀತದ ಒಂದು ಸ್ವರಶ್ರೇಣಿ) ಅಲ್ವಾ ಸಾರ್ ಅಂತ ತಕ್ಷಣ ಊದಿದ್ರು, ಸ್ವರ ಎಲ್ಲ ಸರಿ, ಆದ್ರೆ ಗಮಕ, ಅಂದ್ರೆ ಸ್ವರದ ಓಲಾಟ, ಇಲ್ಲ. ಅಪ್ಪ ತುಟಿ ಹಿಡಿಯೋ ರೀತಿ ತೋರಿಸಿದ್ರು, ಅವರು ನಾಲ್ಕು ಸಲ ಪ್ರಯತ್ನ ಮಾಡಿದ್ರು, ನಾಲ್ಕನೇ ಸಲಕ್ಕೆ ಸ್ವಲ್ಪ ಬಂತು. "ಗುರುಗಳೇ" ಅಂತ ಕೈ ಮುಗಿದ್ರು ಅವರು. ನಮ್ಮಪ್ಪನ್ನ ಮದುವೆ ಮನೇಲಿ ಎಲ್ರೂ ಕರೆಯೋದು "ಏ ವಾಲಗ್ದೋರೇ" ಅಂತ.

ಇವತ್ತು ಬೆಳಿಗ್ಗೆ ಕೆರೆ ಏರಿಗೆ ನಾನೂ ಹೋಗಿದ್ದೆ, ನಿನ್ನೆಯ ಆ ನಿಧಾನದ ಟ್ಯೂನನ್ನ ಹುಡುಕಿ ಹುಡುಕಿ ಊದ್ತಿದ್ರು, ಮೂರನೇ ಸಾಲು ಸಿಗ್ತಿಲ್ಲ. ತೋಟದದಾರಿ ಅವರೇ, ಆ ಟ್ಯೂನ್ ಯಾವ್ದು ಅಂತ ಅವರನ್ನ ಕೇಳಿ ಹೇಳ್ತೀರಾ? ಮತ್ತೆ ಈ ಕಡೆ ಬಂದ್ರೆ ಇಲ್ಲೇ ತಿಳಿಸಿ, ಡೋಲಿನ ಮಾಮನೂ ಬರ್ತಾರಂತೆ.